ಸಿಲೆಬಸ್ಸಿನಲ್ಲಿ ಇಲ್ಲದ ಬ್ರೇಕು

ಸುಳ್ಳಿಗೂ ಸೈಕಲ್ಲಿಗೂ ಒಂದೇ ಗುಣ. ಓಡಿಸುತ್ತ ಇರುವಷ್ಟು ಹೊತ್ತು ಎರಡೂ ನೆಟ್ಟಗೆ ನಿಂತಿರುತ್ತವೆ, ನಿಲ್ಲಿಸಿದಿರೋ, ಬಿದ್ದವು. ಇದರಲ್ಲಿ ಸುಳ್ಳಿನ ಭಾಗವನ್ನು ನಾನು ಬಹಳ ಚಿಕ್ಕಂದಿನಲ್ಲೇ ಕಲಿತೆ, ಯಾವ ಗುರುವಿನ ಸಹಾಯವೂ ಇಲ್ಲದೆ, ಸ್ವಂತ ಪ್ರತಿಭೆಯಿಂದ. ಸೈಕಲ್ಲಿನ ಭಾಗವನ್ನು ಕಲಿತದ್ದು ಮಾತ್ರ ಮೊನ್ನೆ ಮೊನ್ನೆ, ಹದಿನಾರು ವರ್ಷ ತುಂಬಿದ ಮೇಲೆ. ಅಷ್ಟೇ ಆಗಿದ್ದರೆ ಹೇಳಿಕೊಳ್ಳಲು ನಾಚಿಕೆಯೇನೂ ಇರಲಿಲ್ಲ. ಆದರೆ ನಾನು ಸೈಕಲ್ ಕಲಿಯುವ ಹೊತ್ತಿಗೆ ನಮ್ಮ ಶಾಲೆಯ ಇಪ್ಪತ್ತನಾಲ್ಕು ಮಕ್ಕಳಿಗೆ ಸೈಕಲ್ ಕಲಿಸುವ ಕ್ಯಾಪ್ಟನ್ ಆಗಿ ಒಂದು ತಿಂಗಳ ಮೇಲಾಗಿತ್ತು. ಈಜು ಬಾರದವನು ಈಜು ಕಲಿಸಿದ ಕಥೆಗಳನ್ನು ನೀವು ಕೇಳಿರಬಹುದು. ಅಲ್ಲಿ ಕನಿಷ್ಠ ನೀರಾದರೂ ಮೊದಲ ದಿನವೇ ಸತ್ಯ ಹೇಳಿಬಿಡುತ್ತದೆ. ಸೈಕಲ್ ಬಹಳ ಸಭ್ಯ ವಸ್ತು. ಹತ್ತದೆ ಪಕ್ಕದಲ್ಲಿ ಹಿಡಿದುಕೊಂಡು ನಡೆದರೆ ಯಾರಿಗೂ ಏನೂ ಹೇಳುವುದಿಲ್ಲ.

ಮುಂಬಯಿಯಲ್ಲಿ ಹುಟ್ಟಿದವನಿಗೆ ಸೈಕಲ್ ಬರದಿರುವುದು ಅಪರಾಧವೇನಲ್ಲ. ಮುಲುಂಡಿನ ನಮ್ಮ ಬಿಲ್ಡಿಂಗಿನ ಕಂಪೌಂಡಿನಲ್ಲಿ ಒಂದು ಬೋರ್ಡ್ ಇದೆ: ಸೈಕಲ್ ಓಡಿಸಬಾರದು, ಚೆಂಡಾಡಬಾರದು, ಪಾರಿವಾಳಕ್ಕೆ ಕಾಳು ಹಾಕಬಾರದು. ಪಾರಿವಾಳಗಳು ಆ ಬೋರ್ಡಿನ ಮೇಲೆಯೇ ಕೂತು ಅದಕ್ಕೆ ಮಾಡಬೇಕಾದ ಮರ್ಯಾದೆ ಮಾಡುತ್ತವೆ. ನಾನು ಮಾತ್ರ ಪಾಲಿಸಿದೆ. ಏಳು ವರ್ಷದವನಿದ್ದಾಗ ಮಾವ ಒಂದು ಸೈಕಲ್ ತಂದುಕೊಟ್ಟಿದ್ದರು, ಹಿಂದೆ ಎರಡೂ ಕಡೆ ಪುಟ್ಟ ಚಕ್ರ ಇರುವಂಥದ್ದು. ಕಂಪೌಂಡಿನಲ್ಲಿ ಓಡಿಸುವ ಹಾಗಿಲ್ಲ, ರಸ್ತೆಗೆ ಅಮ್ಮ ಬಿಡುವುದಿಲ್ಲ. ಆದ್ದರಿಂದ ನಾಲ್ಕನೇ ಮಾಳಿಗೆಯ ನಮ್ಮ ಮನೆಯೊಳಗೆ, ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ಓಡಿಸಿದೆ. ನಮ್ಮ ಮನೆಗೆ ಬಂದವರಿಗೆ ಗೊತ್ತು, ಆ ದಾರಿಯಲ್ಲಿ ಪೆಡಲು ಒಂದೂವರೆ ಸುತ್ತು ತಿರುಗುವಷ್ಟರಲ್ಲಿ ಪ್ರಯಾಣ ಮುಗಿದು ಗೋಡೆ ಬರುತ್ತದೆ. ಒಂದು ದಿನ ಅಮ್ಮ ಅದರ ಹ್ಯಾಂಡಲ್ ಮೇಲೆ ಒದ್ದೆ ಟವೆಲ್ ಒಣಹಾಕಿದಳು. ಮರುದಿನ ಸೀಟಿನ ಮೇಲೆ ಕಾಲೊರಸು ಬಂತು. ಅಲ್ಲಿಗೆ ನನ್ನ ಸೈಕಲ್ ಜೀವನ ಮುಗಿಯಿತು. ಆಮೇಲೆ ಎಲ್ಲಾ ಮುಂಬಯಿಯ ಹುಡುಗರಂತೆ ನಾನೂ ನಡಿಗೆಯಿಂದ ನೇರವಾಗಿ ಲೋಕಲ್ ಟ್ರೇನಿಗೆ ಬಡ್ತಿ ಪಡೆದೆ. ನಡುವೆ ಸೈಕಲ್ ಎಂಬ ಒಂದು ಕ್ಲಾಸ್ ಇದೆ ಎಂಬುದೇ ನೆನಪಾಗಲಿಲ್ಲ.

ಆದರೆ ಕ್ಲಾಸಿನಲ್ಲಿ ಹೇಳಿಕೊಳ್ಳಲು ಏನಾದರೂ ಬೇಕಲ್ಲ. ಒಬ್ಬ ಸ್ವಿಮ್ಮಿಂಗಿನಲ್ಲಿ ಮೆಡಲ್ ತಂದಿದ್ದಾನೆ, ಇನ್ನೊಬ್ಬ ಗಿಟಾರ್ ಬಾರಿಸುತ್ತಾನೆ. ನನ್ನ ಹತ್ತಿರ ಇದ್ದದ್ದು ಕಾರ್ಕಳದ ಒಂದು ರಜೆ. ಆ ರಜೆಯಲ್ಲಿ ದೊಡ್ಡಮ್ಮನ ಮಗ ಸೈಕಲ್ಲಿನಲ್ಲಿ ತೆಂಗಿನಕಾಯಿ ಅಂಗಡಿಗೆ ಕೊಡಲು ಹೊರಟಾಗ ನಾನು ಹಿಂದಿನ ಕ್ಯಾರಿಯರಿನಲ್ಲಿ ಕೂತಿದ್ದೆ. ಅಂಗಡಿ ಎರಡು ತಿರುವು ಆಚೆ. ಚೀಲದಲ್ಲಿ ಎಂಟು ಕಾಯಿ. ನನ್ನ ಕೆಲಸ ಚೀಲ ಹಿಡಿದುಕೊಳ್ಳುವುದು. ಒಂಬತ್ತನೇ ಕ್ಲಾಸಿನಲ್ಲಿ ಈ ಘಟನೆಯನ್ನು ಮೊದಲ ಸಲ ಹೇಳುವಾಗ, ಕಥೆ ಸ್ವಲ್ಪ ಚುರುಕಾಗಲಿ ಎಂದು ದೊಡ್ಡಮ್ಮನ ಮಗನನ್ನು ತೆಗೆದುಹಾಕಿದೆ. ಅವನು ಹೋದ ಮೇಲೆ ಯಾರಾದರೂ ಮುಂದೆ ಕೂರಬೇಕಾಯಿತು, ನಾನೇ ಕೂತೆ. ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಅಂಗಡಿ ಉಡುಪಿಗೆ ವರ್ಗವಾಗಿತ್ತು. ಹನ್ನೊಂದನೆಯದಕ್ಕೆ ಬಂದಾಗ ಕಾಯಿಗಳು ಇಪ್ಪತ್ತೈದು, ಚೀಲ ಹೋಗಿ ಗೋಣಿ ಆಗಿತ್ತು. ಮನೆಯಲ್ಲೂ ಒಮ್ಮೆ ಅಪ್ಪನೆದುರು ಇದನ್ನು ಹೇಳಿದ್ದೆ. ಅಪ್ಪ ಮುಂಬಯಿಯ ಇನ್ನೊಂದು ತುದಿಯ ಫೋರ್ಟಿನಲ್ಲಿ ಒಂದು ಉಡುಪಿ ಹೋಟೆಲಿನ ಮ್ಯಾನೇಜರು. ಬೆಳಗಿನ ಐದರ ಗಾಡಿ ಹಿಡಿದು ಹೋದರೆ ರಾತ್ರಿ ಊಟದ ಹೊತ್ತಿಗೆ ಬರುವವರು. ಅರೆನಿದ್ದೆಯಲ್ಲಿ ಕೇಳಿಸಿಕೊಂಡು, ನಮ್ಮವನಿಗೂ ಏನೋ ಒಂದು ಬರುತ್ತದೆ ಎಂದು ಖುಷಿಪಟ್ಟು, ಮರುದಿನ ಕ್ಯಾಶ್ ಕೌಂಟರಿನಲ್ಲಿ ಕೂತು ದಿನಾ ಬರುವ ಗಿರಾಕಿಗಳಿಗೆಲ್ಲ ಹೇಳಿದ್ದರಂತೆ. ಒಂದು ಸುಳ್ಳು ಮುಲುಂಡಿನಿಂದ ಫೋರ್ಟಿಗೆ ಟಿಕೆಟ್ ಇಲ್ಲದೆ ಹೋಗಿಬರುತ್ತಿತ್ತು.

ಹೀಗಿರುವಾಗ ನಮ್ಮ ಶಾಲೆಯ ಟ್ರಸ್ಟಿಯೊಬ್ಬರು ಹನ್ನೆರಡು ಸೈಕಲ್ ದಾನ ಕೊಟ್ಟರು. ಐದನೆಯ ಮತ್ತು ಆರನೆಯ ಕ್ಲಾಸಿನ ಮಕ್ಕಳಿಗೆ ಸೈಕಲ್ ಓಡಿಸುವುದನ್ನೂ ರಸ್ತೆಯ ಸುರಕ್ಷತೆಯನ್ನೂ ಕಲಿಸಬೇಕು, ಕೊನೆಗೆ ಒಂದು ಕಾರ್ಯಕ್ರಮ ಮಾಡಿ ತೋರಿಸಬೇಕು ಎಂಬುದು ಅವರ ಆಸೆ. ನಮ್ಮ ಪಿ.ಟಿ. ಮಾಸ್ತರರು ಹಿರೇಮಠ ಸರ್. ಧಾರವಾಡದ ಕಡೆಯವರು, ಮುಂಬಯಿಗೆ ಬಂದು ಇಪ್ಪತ್ತು ವರ್ಷವಾದರೂ ಭಾಷೆಯಲ್ಲಿ ಒಂದು ಜೋಳದ ಕಾಳೂ ಉದುರಿಲ್ಲ. ಅವರಿಗೆ ಕಬಡ್ಡಿ ಟೀಮಿನ ಚಿಂತೆಯೇ ಸಾಕಾಗಿತ್ತು. ಅದಕ್ಕೆ ಒಂದು ಶನಿವಾರ ನಮ್ಮ ಕಾಮರ್ಸ್ ಕ್ಲಾಸಿಗೆ ಬಂದು, ಸೈಕಲ್ ಚೆನ್ನಾಗಿ ಬರುವವರು ಯಾರು ಎಂದು ಕೇಳಿದರು. ಇಡೀ ಕ್ಲಾಸು ತಿರುಗಿ ನನ್ನ ಕಡೆ ನೋಡಿತು. ಕೆಲವರು ಗೌರವದಿಂದ ನೋಡಿದರು, ಕೆಲವರು ಪರೀಕ್ಷಿಸುವ ಹಾಗೆ ನೋಡಿದರು. ಕ್ಯಾಪ್ಟನ್ ಆದವನಿಗೆ ಶನಿವಾರದ ಎರಡು ಪೀರಿಯಡ್ ಮಾಫಿ ಎಂದೂ ಸರ್ ಹೇಳಿದರು. ಜೊತೆಗೆ ಕೊರಳಲ್ಲಿ ಹಾಕಿಕೊಳ್ಳಲು ಒಂದು ಸೀಟಿ. ಸೀಟಿ ಎಂದ ತಕ್ಷಣ ನನ್ನ ಕೈ ತಾನಾಗಿ ಮೇಲೆ ಹೋಯಿತು.

"ಖರೇನ ಬರತೈತೇನೋ ತಮ್ಮಾ?" ಎಂದರು ಸರ್.

ನಾನು ಉಡುಪಿಯ ದಾರಿಯನ್ನೂ ಗೋಣಿಯನ್ನೂ ವರ್ಣಿಸಿದೆ. ನಡುವೆ ಬರುವ ಏರು ಇಳಿತಗಳನ್ನು ಆ ಕ್ಷಣದಲ್ಲೇ ಸೇರಿಸಿದೆ. ಸರ್ ಮೆಚ್ಚಿ ಸೀಟಿಯನ್ನು ಕೈಗೆ ಕೊಟ್ಟರು.

ಮೊದಲ ಶನಿವಾರ ಇಪ್ಪತ್ತನಾಲ್ಕು ಮಕ್ಕಳು ಮೈದಾನದಲ್ಲಿ ಸಾಲಾಗಿ ನಿಂತು ನನ್ನನ್ನು ನೋಡುತ್ತಿದ್ದರು. ಅವರ ಹಿಂದೆ ಹನ್ನೆರಡು ಸೈಕಲ್‌ಗಳು ನಿಂತು ಅವೂ ನನ್ನನ್ನೇ ನೋಡುತ್ತಿದ್ದವು. ನಾನು ಸೀಟಿ ಊದಿ, ಸೈಕಲ್ ಎಂಬುದು ಅವಸರದಲ್ಲಿ ಕಲಿಯುವ ವಿದ್ಯೆಯಲ್ಲ, ಮೊದಲ ವಾರ ಬರೀ ಥಿಯರಿ ಎಂದು ಘೋಷಿಸಿದೆ. ಕಾಮರ್ಸ್ ಓದುವವನಿಗೆ ಥಿಯರಿ ಎಷ್ಟು ಬೇಕಾದರೂ ಹಿಗ್ಗುತ್ತದೆ ಎಂಬುದು ಗೊತ್ತಿರುತ್ತದೆ. ನೆಲದ ಮೇಲೆ ಕೂರಿಸಿ ಒಂದೊಂದೇ ಭಾಗ ಪರಿಚಯ ಮಾಡಿದೆ. ಇದು ಹ್ಯಾಂಡಲ್, ಇದು ಪೆಡಲ್, ಇದು ಚೈನ್, ಇದು ಬೆಲ್, ಇದು... ಇದರ ಬಗ್ಗೆ ಮುಂದೆ ವಿವರವಾಗಿ ನೋಡೋಣ. ಟಯರಿನಲ್ಲಿ ಗಾಳಿ ನೋಡುವುದು ಹೇಗೆ ಎಂದು ಒಬ್ಬ ಕೇಳಿದ. ನನಗೆ ಗೊತ್ತಿದ್ದ ಒಂದೇ ಶಾಸ್ತ್ರ ಹೋಟೆಲಿನದು. ಬೆರಳಲ್ಲಿ ಒತ್ತಿ ನೋಡಬೇಕು, ಬಿಸಿ ಇಡ್ಲಿಯ ಹಾಗಿದ್ದರೆ ಗಾಳಿ ಇಲ್ಲ, ತೆಂಗಿನಕಾಯಿಯ ಹಾಗಿದ್ದರೆ ಜಾಸ್ತಿಯಾಯಿತು, ನಿನ್ನೆಯ ಉದ್ದಿನವಡೆಯ ಹಾಗಿದ್ದರೆ ಸರಿಯಾಗಿದೆ ಎಂದೆ. ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆ ಸೂತ್ರ ಸರಿಯೆಂದು ಆಮೇಲೆ ಸೈಕಲ್ ರಿಪೇರಿಯವನೂ ಒಪ್ಪಿದ್ದಾನೆ. ನನ್ನ ಬಗ್ಗೆ ಎಷ್ಟು ಬೇಕಾದರೂ ನಗಿ, ವಡೆಯ ಬಗ್ಗೆ ಬೇಡ.

ಬೆಲ್ಲಿನ ವಿಷಯದಲ್ಲೂ ಹೋಟೆಲೇ ಕೈಹಿಡಿಯಿತು. ಹನ್ನೆರಡರಲ್ಲಿ ಏಳು ಬೆಲ್ಲುಗಳು ಬಾರಿಸಿದರೆ ಕೆಮ್ಮುತ್ತಿದ್ದವು, ಅಷ್ಟೆ. ಮಧ್ಯಾಹ್ನದ ರಶ್ಶಿನಲ್ಲಿ ನಮ್ಮ ಸಪ್ಲಾಯರುಗಳು ಬಿಸಿ ಸಾಂಬಾರಿನ ಪಾತ್ರೆ ಹಿಡಿದು, ಸೈಡ್ ಸೈಡ್ ಎಂದು ಒಂದು ವಿಶಿಷ್ಟ ರಾಗದಲ್ಲಿ ಕೂಗುತ್ತ ಬಂದರೆ, ಬ್ಯಾಂಕಿನ ಮ್ಯಾನೇಜರನೂ ಎದ್ದು ಗೋಡೆಗೆ ಅಂಟಿಕೊಳ್ಳುತ್ತಾನೆ. ಅಪ್ಪ ಕೂಡ ಹದಿನೆಂಟನೇ ವಯಸ್ಸಿನಲ್ಲಿ ಸಪ್ಲಾಯರ್ ಆಗಿಯೇ ಸೇರಿದವರು, ಒಂದೇ ತೋಳಿನ ಮೇಲೆ ಏಳು ಪ್ಲೇಟ್ ಜೋಡಿಸಿಕೊಂಡು ಓಡುತ್ತಿದ್ದರಂತೆ. ಬ್ಯಾಲೆನ್ಸ್ ನಮ್ಮ ರಕ್ತದಲ್ಲೇ ಇದೆ ಎಂದು ನಾನು ಮಕ್ಕಳಿಗೆ ಹೇಳಿ, ಆ ಕೂಗನ್ನು ಅದೇ ರಾಗದಲ್ಲಿ ಕಲಿಸಿದೆ. ಮುಂದಿನ ವಾರದಿಂದ ಶಾಲೆಯ ಕಾರಿಡಾರಿನಲ್ಲಿ ಯಾವ ಐದನೇ ಕ್ಲಾಸಿನ ಮಗು ಓಡಿದರೂ ಪ್ರಿನ್ಸಿಪಾಲರು ಗೋಡೆಗೆ ಅಂಟಿಕೊಳ್ಳುವ ಹಾಗಾಯಿತು.

ಇನ್ನು ಉಳಿದದ್ದು ನಿಲ್ಲಿಸುವುದು. ಹ್ಯಾಂಡಲ್ಲಿನ ಎರಡೂ ಕಡೆ ಒಂದೊಂದು ಬ್ರೇಕ್ ಇರುವುದನ್ನು ನಾನೂ ನೋಡಿದ್ದೆ. ಒಂದನ್ನು ತಪ್ಪಿ ಒತ್ತಿದರೆ ಸವಾರ ಹ್ಯಾಂಡಲ್ ದಾಟಿ ಮುಂದಕ್ಕೆ ಹಾರುತ್ತಾನೆ ಎಂದು ಎಲ್ಲೋ ಕೇಳಿದ್ದೆ. ಯಾವುದು ಎಂಬುದು ಗೊತ್ತಿರಲಿಲ್ಲ. ಗೊತ್ತಿಲ್ಲದ ವಸ್ತುವನ್ನು ಸಿಲೆಬಸ್ಸಿನಿಂದ ತೆಗೆಯುವುದು ಒಳ್ಳೆಯ ಶಿಕ್ಷಕನ ಲಕ್ಷಣ. ಅದರ ಬದಲು ನಾನು ಪೂರ್ತಿಯಾಗಿ ಬಲ್ಲ ವಿದ್ಯೆಯನ್ನು ಹೇಳಿಕೊಟ್ಟೆ. ಗಾಡಿ ನಿಲ್ಲುವ ಮುಂಚೆ ಇಳಿಯಬೇಡಿ ಎಂದು ರೈಲಿನವರು ದಿನವಿಡೀ ಹೇಳುತ್ತಲೇ ಇರುತ್ತಾರೆ. ಆದರೆ ದಾದರಿನಲ್ಲಿ ಆ ಮಾತು ಕೇಳುತ್ತ ನಿಂತರೆ ಪರೇಲಿನಲ್ಲಿ ಇಳಿಯಬೇಕಾಗುತ್ತದೆ. ಅದಕ್ಕೇ ನಮ್ಮ ಊರಿನವರ ಕಾಲಿಗೆ ಒಂದು ಬುದ್ಧಿ ಬಂದಿದೆ. ಗಾಡಿ ನಿಧಾನವಾಗುವಾಗ ಮುಖವನ್ನು ಗಾಡಿ ಹೋಗುವ ದಿಕ್ಕಿಗೇ ಇಟ್ಟುಕೊಂಡು, ಒಂದು ಕಾಲು ಕೆಳಗಿಟ್ಟು, ಗಾಡಿಯ ಜೊತೆಗೇ ನಾಲ್ಕು ಹೆಜ್ಜೆ ಓಡಬೇಕು. ಸೈಕಲ್ಲಿಗೂ ಇದೇ ಎಂದೆ. ಪೆಡಲ್ ನಿಲ್ಲಿಸಿ, ಪಕ್ಕಕ್ಕೆ ಇಳಿದು, ಹ್ಯಾಂಡಲ್ ಹಿಡಿದುಕೊಂಡೇ ನಾಲ್ಕು ಹೆಜ್ಜೆ ಓಡಬೇಕು, ಬ್ರೇಕಿಗೆ ತೊಂದರೆ ಕೊಡಬಾರದು. ಈ ಉಪಾಯ ನಿಜವಾಗಿಯೂ ಫಲಿಸಿತು ಎಂಬುದೇ ದೊಡ್ಡ ದುರಂತ. ಮುಂಬಯಿಯ ಮಕ್ಕಳು, ಹುಟ್ಟುವಾಗಲೇ ಆಸ್ಪತ್ರೆಯಲ್ಲಿ ರನ್ನಿಂಗಿನಲ್ಲಿ ಇಳಿದವರು, ಎರಡೇ ದಿನದಲ್ಲಿ ಕಲಿತುಬಿಟ್ಟರು. ದೂರದಿಂದ ನೋಡಿದ ಹಿರೇಮಠ ಸರ್ ಅದನ್ನು ಯಾವುದೋ ಡ್ರಿಲ್ ಎಂದುಕೊಂಡು ತಲೆಯಾಡಿಸಿದರು.

ಓಡಿಸುವುದನ್ನು ಯಾರು ಕಲಿಸಿದರು ಎಂದು ನೀವು ಕೇಳಬಹುದು. ಮಕ್ಕಳಲ್ಲಿ ನಾಲ್ವರಿಗೆ ಮೊದಲೇ ಬರುತ್ತಿತ್ತು. ಅವರನ್ನು ಗ್ರೂಪ್ ಲೀಡರ್ ಮಾಡಿ ಉಳಿದವರನ್ನು ಹಂಚಿಕೊಟ್ಟೆ. ಹೋಟೆಲಿನ ಮ್ಯಾನೇಜರು ದೋಸೆ ಹುಯ್ಯುತ್ತಾರೆಯೇ? ನಾನು ಸೀಟಿ ಊದುತ್ತ, ಒಂದು ಸೈಕಲ್ ಪಕ್ಕದಲ್ಲಿ ಹಿಡಿದುಕೊಂಡು ಮೈದಾನದಲ್ಲಿ ಓಡಾಡುತ್ತಿದ್ದೆ. ಇಷ್ಟಕ್ಕೇ ಇದ್ದಿದ್ದರೆ ನಾನು ಇವತ್ತಿಗೂ ಕ್ಯಾಪ್ಟನ್ ಆಗಿರುತ್ತಿದ್ದೆ. ಆದರೆ ಆ ನಾಲ್ವರಲ್ಲಿ ಒಬ್ಬಳು ಪೂರ್ವಾ. ಐದನೇ ಕ್ಲಾಸು, ಎರಡು ಜಡೆ, ಶಾಲೆಯ ಹಿಂದಿನ ಗಲ್ಲಿಯಲ್ಲೇ ಮನೆ. ಅಪ್ಪ ಕನ್ನಡ, ಅಮ್ಮ ಮರಾಠಿ, ಆದ್ದರಿಂದ ಅವಳಿಗೆ ಅನುಮಾನ ಪಡಲು ಎರಡು ಭಾಷೆ. ಮೂರನೇ ಶನಿವಾರ ನನ್ನ ಪಕ್ಕ ಬಂದು ನಿಂತು, ನಾನು ಯಾವಾಗಲೂ ಸೈಕಲ್ಲನ್ನು ವಾಕಿಂಗಿಗೆ ಯಾಕೆ ಕರೆದುಕೊಂಡು ಹೋಗುತ್ತೇನೆ ಎಂದು ಕೇಳಿದಳು. ಬಲಮೊಣಕಾಲು ನೋವು ಎಂದೆ. ಮುಂದಿನ ವಾರ ಮತ್ತೆ ಬಂದು, ಮೊಣಕಾಲು ಹೇಗಿದೆ ಎಂದು ವಿಚಾರಿಸಿದಳು. ಇನ್ನೂ ಇದೆ ಎಂದು ನಾನು ನರಳುತ್ತ ಉಜ್ಜಿಕೊಂಡದ್ದು ಎಡಗಾಲನ್ನು.

ಅವಳು ಎರಡೂ ಕಾಲನ್ನು ಒಂದಾದ ಮೇಲೊಂದು ನೋಡಿದಳು. "ಅಣ್ಣಾ, ಸಚ್ ಹೇಳು. ನಿನಗೆ ಸೈಕಲ್ ಬರ್ತದಾ, ಇಲ್ವಾ?"

ಯಾವ ಸುಳ್ಳಾದರೂ ದೊಡ್ಡವರ ಮುಂದೆ ಸರಾಗವಾಗಿ ಓಡುತ್ತದೆ. ಹತ್ತು ವರ್ಷದವರ ಮುಂದೆ ಅದರ ಚೈನ್ ಕಳಚುತ್ತದೆ. ಎರಡು ದಿನ ಮೊದಲೇ ಹಿರೇಮಠ ಸರ್ ಕಾರ್ಯಕ್ರಮದ ವಿವರ ಹೇಳಿದ್ದರು. ಬರುವ ಶನಿವಾರ ಮುಖ್ಯ ಅತಿಥಿಯಾಗಿ ಟ್ರಾಫಿಕ್ ಪೊಲೀಸಿನ ಸಾಹೇಬರು, ಜೊತೆಗೆ ಟ್ರಸ್ಟಿ, ಎಲ್ಲರ ತಂದೆತಾಯಿ. ಹನ್ನೆರಡು ಸೈಕಲ್‌ಗಳ ಸಾಲು ಮೈದಾನ ಸುತ್ತಿ ಬಂದು ವೇದಿಕೆಯ ಎದುರು ಬಿಳಿ ಗೆರೆಯ ಮೇಲೆ ನಿಲ್ಲಬೇಕು. ಸಾಲಿನ ಮುಂದೆ ಕ್ಯಾಪ್ಟನ್. ಇದನ್ನು ಕೇಳಿ ಮನೆಯಲ್ಲಿ ಅಪ್ಪ ಏನು ಮಾಡಿದರು ಗೊತ್ತೇ? ನನಗೆ ತಿಳಿದಂತೆ ಎಂದೂ ಶನಿವಾರದ ಲಂಚ್ ಬಿಟ್ಟವರಲ್ಲ, ನನ್ನ ಮುಂಜಿಯ ದಿನವೂ ಊಟದ ನಡುವೆ ಹೋಟೆಲಿಗೆ ಫೋನ್ ಮಾಡಿದವರು, ರಜೆ ಹಾಕಿಬಿಟ್ಟರು. ಬಂದವರಿಗೆಲ್ಲ ಹೋಟೆಲಿನಿಂದ ವಡೆ ಸಾಂಬಾರು ತಮ್ಮ ಕಡೆಯಿಂದ ಎಂದರು. ಗಿರಾಕಿಗಳಿಗೂ ಹೇಳಿಯಾಗಿತ್ತು, ಶನಿವಾರ ನಾನು ಇರುವುದಿಲ್ಲ, ಮಗ ಪೆರೇಡಿನ ಮುಂದಿದ್ದಾನೆ ಎಂದು. ನಾನು ಬಿದ್ದರೆ ಮೈದಾನದಲ್ಲಿ ಬೀಳುವುದು ನಾನೊಬ್ಬನೇ ಅಲ್ಲ, ಫೋರ್ಟಿನ ಕ್ಯಾಶ್ ಕೌಂಟರೂ ಬೀಳುತ್ತದೆ ಎಂಬುದು ಆಗ ಹೊಳೆಯಿತು.

ಪೂರ್ವಾಗೆ ಎಲ್ಲಾ ಹೇಳಿದೆ. ದೊಡ್ಡಮ್ಮನ ಮಗನನ್ನೂ ಮತ್ತೆ ಸೈಕಲ್ ಮೇಲೆ ಕೂರಿಸಿದೆ. ಅವಳು ನಗಲಿಲ್ಲ. ಸಾಲಿನಲ್ಲಿ ಯಾರ ಹಿಂದೆ ಯಾರು ಎಂದು ಬೆರಳಲ್ಲಿ ಲೆಕ್ಕ ಹಾಕಿದಳು. "ಸಾಲಲ್ಲಿ ನಿನ್ನ ಹಿಂದೆ ನಾನೇ ಇರುದು. ನೀನು ಬಿದ್ರೆ ನಾನು ನಿನ್ನ ಮೇಲೆ ಬೀಳ್ತೇನೆ. ನನ್ನದು ಹೊಸ ಡ್ರೆಸ್. ನಾನೇ ಕಲಿಸ್ತೇನೆ, ಚಲೇಗಾ?" ಸರ್‌ಗೆ ಹೇಳುವುದಿಲ್ಲ ಎಂದೂ ಮಾತು ಕೊಟ್ಟಳು. ಷರತ್ತು ಒಂದೇ, ಕಲಿಸುವಷ್ಟು ದಿನ ಸೀಟಿ ಅವಳ ಕೊರಳಲ್ಲಿ. ನಾನು ಬಿಚ್ಚಿಕೊಟ್ಟೆ. ರಾಜ್ಯ ಬಿಟ್ಟುಕೊಟ್ಟ ರಾಜರಿಗೆ ಹೇಗಾಗಿರಬಹುದು ಎಂದು ಈಗ ನನಗೆ ಅಂದಾಜಿದೆ.

ಸೋಮವಾರದಿಂದ ಬೆಳಿಗ್ಗೆ ಆರೂಕಾಲಿಗೆ, ವಾಚ್‌ಮನ್ ಗೇಟು ತೆರೆದ ಕೂಡಲೇ ನಮ್ಮ ಕ್ಲಾಸು. ಅವಳಿಗೆ ಕಲಿಸುವ ಕ್ರಮ ಗೊತ್ತಿದ್ದದ್ದು ಒಂದೇ, ನನ್ನದು. ಮೊದಲು ನೆಲದ ಮೇಲೆ ಕೂರಿಸಿ ಥಿಯರಿ ಒಪ್ಪಿಸಲು ಹೇಳಿದಳು. ಹ್ಯಾಂಡಲ್, ಪೆಡಲ್, ಚೈನ್ ಎಂದು ನಾನು ಒಪ್ಪಿಸಿದೆ. ಟಯರ್ ಒತ್ತಿಸಿದಳು, ನಿನ್ನೆಯ ಉದ್ದಿನವಡೆ ಎಂದೆ. ಹೆಲ್ಮೆಟ್ ಪಟ್ಟಿಯಲ್ಲಿ ಎರಡು ಬೆರಳು ಹಿಡಿಯುವಷ್ಟೇ ಜಾಗ ಇದೆಯೇ ಎಂದು ನನ್ನ ಗಲ್ಲದ ಕೆಳಗೆ ಬೆರಳು ತೂರಿಸಿ ನೋಡಿದಳು. ಸೈಡ್ ಸೈಡ್ ಕೂಗಿಸಿದಳು, ರಾಗ ಸರಿಯಾಗಲಿಲ್ಲವೆಂದು ಮತ್ತೊಮ್ಮೆ ಕೂಗಿಸಿದಳು. ಇಷ್ಟೆಲ್ಲ ಆಗಿ ಸೀಟಿನ ಮೇಲೆ ಕೂತ ಮೇಲೆ ನಾನು ಬಿದ್ದೆ. ಮಂಗಳವಾರ ಎಡಕ್ಕೆ ಬಿದ್ದೆ, ಬುಧವಾರ ಬಲಕ್ಕೆ. ಹೀಗೆ ಎರಡೂ ಮೊಣಕಾಲಿನ ನೋವು ಕೊನೆಗೂ ನಿಜವಾಯಿತು. ಮನೆಯಲ್ಲಿ ಅಮ್ಮ ಕೇಳಿದಾಗ ಟ್ರೇನಿನ ರಶ್ಶು ಎಂದೆ. ನಾನು ಶಾಲೆಗೆ ನಡೆದು ಹೋಗುವವನು ಎಂಬುದು ಇಬ್ಬರಿಗೂ ಆಮೇಲೆ ನೆನಪಾಯಿತು, ಮೊದಲು ಅಮ್ಮನಿಗೆ. ಅವಳು ಅರಿಸಿನ ಎಣ್ಣೆ ಹಚ್ಚಿದಳು, ಅಗತ್ಯಕ್ಕಿಂತ ಸ್ವಲ್ಪ ಒತ್ತಿ.

ಗುರುವಾರ ಒಂದು ಘಟನೆ ನಡೆಯಿತು. ನೀರಿನ ನಲ್ಲಿಯ ಹತ್ತಿರದಿಂದ ಪೂರ್ವಾ ಸೀಟು ಹಿಡಿದು ತಳ್ಳುತ್ತ ಓಡಿಬರುತ್ತಿದ್ದಳು. ಬಿಡಬೇಡ, ಬಿಡಬೇಡ ಎನ್ನುತ್ತ ನಾನು ವೇದಿಕೆಯ ತನಕ ಬಂದು, ಹಿಂದೆ ಹೆಜ್ಜೆಯ ಸದ್ದಿಲ್ಲವಲ್ಲ ಎಂದು ತಿರುಗಿ ನೋಡಿದರೆ ಅವಳು ನಲ್ಲಿಯ ಹತ್ತಿರವೇ ನಿಂತು ನೀರು ಕುಡಿಯುತ್ತಿದ್ದಾಳೆ. ಹದಿನಾರು ವರ್ಷ ಮುಂಬಯಿಯಲ್ಲಿ ಬೆಳೆದ ನನಗೆ ಅದು ಮೊದಲ ಸಲ. ಮುಂದೆ ಯಾರೂ ಇಲ್ಲ, ಪಕ್ಕದಲ್ಲಿ ಯಾರ ಮೊಣಕೈಯೂ ಇಲ್ಲ, ಬೆನ್ನಿಗೆ ಒತ್ತಿಕೊಂಡು ಯಾರ ಬ್ಯಾಗೂ ಇಲ್ಲ, ಆದರೂ ನಾನು ಎಲ್ಲಿಗೋ ಹೋಗುತ್ತಿದ್ದೇನೆ. ಗಾಳಿ ನನಗೊಬ್ಬನಿಗೇ ಬೀಸುತ್ತಿತ್ತು. ಇದನ್ನು ಸ್ವಲ್ಪ ಹಿಗ್ಗಿಸಿ ಹೇಳಲು ನನಗೆ ಬರುವುದಿಲ್ಲವೆಂದಲ್ಲ. ಬೇಕಾಗಿಲ್ಲ, ಅದು ಅಷ್ಟೇ ಇತ್ತು. ನಿಲ್ಲಿಸುವಾಗ ನನ್ನದೇ ಪಾಠದಂತೆ ಪಕ್ಕಕ್ಕೆ ಇಳಿದು ನಾಲ್ಕು ಹೆಜ್ಜೆ ಓಡಿದೆ. ಪೂರ್ವಾ ಸೀಟಿ ಊದಿ ಪಾಸ್ ಎಂದಳು. ಶುಕ್ರವಾರ ತಿರುವುಗಳ ಅಭ್ಯಾಸ ಮಾಡಿಸಿ, ಸೀಟಿ ವಾಪಸು ಕೊಟ್ಟಳು.

ಶನಿವಾರ ಮೈದಾನದಲ್ಲಿ ಶಾಮಿಯಾನ, ಅದರ ಕೆಳಗೆ ಅತಿಥಿಗಳ ಕುರ್ಚಿ, ಪಕ್ಕದ ಮೇಜಿನ ಮೇಲೆ ವಡೆಯ ಬುಟ್ಟಿಗಳು ಮತ್ತು ಮಗುವನ್ನು ಸ್ನಾನ ಮಾಡಿಸಬಹುದಾದಷ್ಟು ದೊಡ್ಡ ಪಾತ್ರೆಯಲ್ಲಿ ಹೊಗೆಯಾಡುವ ಸಾಂಬಾರು. ಪಾತ್ರೆಯ ಹಿಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಅಪ್ಪ. ಸುತ್ತಮುತ್ತಲಿನ ತಂದೆತಾಯಿಯರಿಗೆ ಉಡುಪಿಯ ರಸ್ತೆಯ ಏರು ಇಳಿತಗಳನ್ನು ಅವರು ವಿವರಿಸುತ್ತಿರುವುದು ಕೈಯ ಆಕಾರದಿಂದಲೇ ತಿಳಿಯುತ್ತಿತ್ತು. ನಾನು ಸೀಟಿ ಊದಿದೆ. ಹೊರಟೆವು. ನಾನು ಮುಂದೆ, ನನ್ನ ಹಿಂದೆ ಪೂರ್ವಾ, ಅವಳ ಹಿಂದೆ ಹತ್ತು ಮಂದಿ. ಮೊದಲ ಸುತ್ತು ನಾನು ಉಸಿರು ಬಿಡಲಿಲ್ಲ. ಎರಡನೇ ಸುತ್ತಿನಲ್ಲಿ ಕೈ ಚಾಚಿ ಬಲಕ್ಕೆ ಸಿಗ್ನಲ್ ಕೊಟ್ಟೆ, ಹಿಂದೆ ಹನ್ನೊಂದು ಕೈಗಳು ಒಟ್ಟಿಗೆ ಚಾಚಿಕೊಂಡವು. ಟ್ರಾಫಿಕ್ ಸಾಹೇಬರು ಚಪ್ಪಾಳೆ ತಟ್ಟಿದರು. ಚಪ್ಪಾಳೆಯೇ ನನ್ನ ಶತ್ರು. ಅದು ಕೇಳಿದರೆ ನನಗೆ ಇಲ್ಲದ್ದೆಲ್ಲ ಬರುತ್ತದೆ. ಮೂರನೇ ಸುತ್ತಿನಲ್ಲಿ ನಾನು ವೇಗ ಹೆಚ್ಚಿಸಿದೆ, ಸಾಲೂ ಹೆಚ್ಚಿಸಿತು. ಬಿಳಿ ಗೆರೆ ಹತ್ತಿರ ಬಂತು. ಅಭ್ಯಾಸ ಮಾಡಿದ್ದು ನಿಧಾನದ ಇಳಿಯುವಿಕೆ, ಇದು ದಾದರಿನ ಫಾಸ್ಟ್ ಲೋಕಲ್. ಪಕ್ಕಕ್ಕೆ ಹಾರಿದೆ, ಮುಖ ಗಾಡಿ ಹೋಗುವ ದಿಕ್ಕಿಗೇ ಇತ್ತು, ಕಾಲು ಸರಿಯಾಗಿಯೇ ಬಿತ್ತು. ಆದರೆ ಎಷ್ಟೋ ವರ್ಷದ ಅಭ್ಯಾಸ ಕೈಯದ್ದು. ಟ್ರೇನಿನಿಂದ ಇಳಿಯುವಾಗ ಕಂಬಿ ಬಿಡಲೇಬೇಕು, ಇಲ್ಲದಿದ್ದರೆ ಗಾಡಿ ಎಳೆದುಕೊಂಡು ಹೋಗುತ್ತದೆ. ಕೈ ಹ್ಯಾಂಡಲ್ಲನ್ನು ಬಿಟ್ಟುಬಿಟ್ಟಿತು.

ಕ್ಯಾಪ್ಟನ್ ಏನು ಮಾಡುತ್ತಾನೋ ಸಾಲಿನವರೆಲ್ಲ ಅದನ್ನೇ ಮಾಡಬೇಕು ಎಂದು ನಾನೇ ಕಲಿಸಿದ್ದೆ. ನನ್ನ ಹಿಂದೆ ಹತ್ತು ಮಕ್ಕಳು ಒಬ್ಬರಾದ ಮೇಲೊಬ್ಬರು ಅಚ್ಚುಕಟ್ಟಾಗಿ ಹಾರಿ, ಕೈಬಿಟ್ಟು, ನಾಲ್ಕು ಹೆಜ್ಜೆ ಓಡಿ, ಬಿಳಿ ಗೆರೆಯ ಮೇಲೆ ಸಾವಧಾನ್‌ನಲ್ಲಿ ನಿಂತರು. ಒಂದು ಮಗುವಿಗೂ ಒಂದು ಗೀರೂ ಆಗಲಿಲ್ಲ. ಸೈಕಲ್‌ಗಳು ಮಾತ್ರ ಕಾರ್ಯಕ್ರಮ ಮುಂದುವರಿಸಿದವು. ಸವಾರರಿಲ್ಲದ ಹತ್ತು ಸೈಕಲ್‌ಗಳು ಸ್ವಲ್ಪ ದೂರ ಗಂಭೀರವಾಗಿ ಹೋಗಿ, ಒಂದರ ಮೇಲೊಂದು ಮಲಗಿದವು. ಎಲ್ಲಕ್ಕಿಂತ ಮುಂದಿದ್ದ ನನ್ನದು ಮಲಗಲಿಲ್ಲ. ಕ್ಯಾಪ್ಟನ್ನಿನ ಸೈಕಲ್ ಅಲ್ಲವೇ, ನೆಟ್ಟಗೆ ಶಾಮಿಯಾನದೊಳಗೆ ಹೋಗಿ ಸಾಂಬಾರಿನ ಕಡೆ ತಿರುಗಿತು. ಆಗ ಮೈದಾನದಲ್ಲೆಲ್ಲ ಒಂದು ಕೂಗು ಕೇಳಿಸಿತು, ಸೈಡ್, ಸೈಡ್ ಎಂದು, ನಾನು ಕಲಿಸಿದ್ದಕ್ಕಿಂತ ಎಷ್ಟೋ ಪಾಲು ಶುದ್ಧವಾದ ರಾಗದಲ್ಲಿ. ಇಪ್ಪತ್ತು ವರ್ಷದಿಂದ ಕೌಂಟರು ಬಿಟ್ಟು ಏಳದ ಅಪ್ಪ, ಹಬೆಯಾಡುವ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ, ಒಂದು ಸುತ್ತು ತಿರುಗಿ, ಟ್ರಸ್ಟಿಯ ತಲೆಯ ಮೇಲಿಂದ ದಾಟಿಸಿ ಆಚೆ ಇಟ್ಟರು. ಸೈಕಲ್ ಮೇಜಿನ ಕಾಲಿಗೆ ಬಡಿದು ಬಿತ್ತು. ಒಂದು ತೊಟ್ಟು ಸಾಂಬಾರು ಚೆಲ್ಲಲಿಲ್ಲ. ಬ್ಯಾಲೆನ್ಸ್ ನಮ್ಮ ರಕ್ತದಲ್ಲಿ ಇರುವುದು ಖಂಡಿತ. ನನ್ನ ತನಕ ಇಳಿದು ಬಂದಿಲ್ಲ, ಅಷ್ಟೆ.

ಟ್ರಾಫಿಕ್ ಸಾಹೇಬರು ಎದ್ದು ನಿಂತು, ಸಾಲಾಗಿ ನಿಂತ ನಮ್ಮನ್ನೂ ರಾಶಿಯಾಗಿ ಬಿದ್ದ ಸೈಕಲ್‌ಗಳನ್ನೂ ನೋಡಿದರು. ಅವರೂ ದಿನಾ ಲೋಕಲಿನಲ್ಲಿ ಬರುವವರೇ ಇರಬೇಕು. "ಉತರಲಾ ಬರೋಬರ್. ಗಾಡಿ ಚುಕಲೀ," ಎಂದರು ಮರಾಠಿಯಲ್ಲಿ. ಇಳಿದದ್ದು ಸರಿ, ಗಾಡಿಯೇ ತಪ್ಪು.

ಹಿರೇಮಠ ಸರ್‌ಗೆ ನಗು ಬರಲಿಲ್ಲ. "ಬ್ರೇಕ್ ಹಿಡಿಲಾರದ ಇಳಿಯೂದು ಯಾರು ಕಲಿಸ್ಯಾರೋ ಈ ಹುಡುಗ್ರಿಗೆ?" ಎಂದು ಕೇಳಿದರು. ನನ್ನ ತಲೆಯೊಳಗೆ ಮೂರು ಉತ್ತರಗಳು ಬಟ್ಟೆ ಹಾಕಿಕೊಂಡು ತಯಾರಾಗಿ ನಿಂತಿದ್ದವು: ಬ್ರೇಕಿನ ತಂತಿ ಕಟ್ಟಾಯಿತು, ಬಿಸಿಲು ಕಣ್ಣಿಗೆ ಹೊಡೆಯಿತು, ಇದೊಂದು ಹೊಸ ಡ್ರಿಲ್. ಯಾವುದನ್ನು ಕಳಿಸಲಿ ಎಂದು ಯೋಚಿಸುವಷ್ಟರಲ್ಲಿ ಪಕ್ಕದಲ್ಲಿ ಸ್ಟ್ಯಾಂಡ್ ಹಾಕಿದ ಸದ್ದಾಯಿತು. ತಿರುಗಿ ನೋಡಿದರೆ ಪೂರ್ವಾ. ಹನ್ನೆರಡು ಮಂದಿಯಲ್ಲಿ ಅವಳೊಬ್ಬಳೇ ಬ್ರೇಕ್ ಹಿಡಿದು ಬಿಳಿ ಗೆರೆಗೆ ಸರಿಯಾಗಿ ನಿಲ್ಲಿಸಿದ್ದಳು. ಮುಂದೆ ಬಂದು ಸರ್ ಎದುರು ಕೈಕಟ್ಟಿ ನಿಂತಳು.

"ಸರ್, ಅಣ್ಣನಿಗೆ ಬೈಬೇಡಿ, ಮಿಸ್ಟೇಕ್ ನನ್ನದು. ಅಣ್ಣನಿಗೆ ಸೈಕಲ್ ಕಲಿಸಿದ್ದು ನಾನು. ಬ್ರೇಕ್ ಅಣ್ಣನ ಸಿಲೆಬಸ್ಸಲ್ಲೇ ಇರ್ಲಿಲ್ಲ. ಅದಕ್ಕೆ ನಾನೂ ಕಲಿಸ್ಲಿಲ್ಲ."

ಅವಳು ನನ್ನನ್ನು ಉಳಿಸಲೆಂದೇ ಹೇಳಿದ್ದು. ತನ್ನ ವಿದ್ಯಾರ್ಥಿ ಬಿದ್ದರೆ ತಪ್ಪು ಟೀಚರದು ಎಂದು ಹತ್ತು ವರ್ಷದ ಹುಡುಗಿಗೆ ಅನ್ನಿಸಿತ್ತು. ಹದಿನಾರು ವರ್ಷದವನಿಗೆ ಆ ನಿಮಿಷದ ತನಕ ಅನ್ನಿಸಿರಲಿಲ್ಲ. ಕಲಿಸಿದ್ದು ಯಾವಾಗ ಎಂದು ಸರ್ ಕೇಳಿದರು. ಈ ಸೋಮವಾರದಿಂದ ಎಂದಳು. ಶಾಮಿಯಾನದ ಕೆಳಗೆ ಅಪ್ಪ ವಡೆ ಹಂಚುತ್ತಿದ್ದ ಕೈಯನ್ನು ಒಂದು ಕ್ಷಣ ನಿಲ್ಲಿಸಿ, ಮತ್ತೆ ಹಂಚತೊಡಗಿದರು. ನಾನು ಕೊರಳಿನಿಂದ ಸೀಟಿ ತೆಗೆದು ಸರ್ ಕೈಗೆ ಕೊಟ್ಟೆ. ಅವಳು ಕಲಿಸಿದ್ದಷ್ಟೇ ನನಗೆ ಬರುತ್ತದೆ, ಮಕ್ಕಳಿಗೆ ಹೀಗೆ ಇಳಿಯಲು ಕಲಿಸಿದ್ದು ನಾನು ಎಂದೆ. ನನ್ನ ಜೀವನದಲ್ಲಿ ನಾನು ಹೇಳಿದ ಅತ್ಯಂತ ಚಿಕ್ಕ ಕಥೆ ಅದು.

ಮನೆಗೆ ನಡೆದು ಬರುವಾಗ ಖಾಲಿ ಪಾತ್ರೆಯ ಒಂದು ಹಿಡಿ ಅಪ್ಪನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಬೈಗುಳಕ್ಕೆ ನಾನು ಬೆನ್ನು ಗಟ್ಟಿಮಾಡಿಕೊಂಡಿದ್ದೆ. ಎರಡು ಸಿಗ್ನಲ್ ದಾಟಿದೆವು. ಮೂರನೆಯದರಲ್ಲಿ ನಿಂತಾಗ, ಅಪ್ಪ ರಸ್ತೆಯನ್ನೇ ನೋಡುತ್ತ ಕೇಳಿದರು.

"ಅಲ್ಲ ಮಾರಾಯ, ಕಾರ್ಕಳದಿಂದ ಉಡುಪಿಗೆ ಅಷ್ಟು ದೂರ ಹೋದಿಯಲ್ಲ. ಉಡುಪಿ ಮುಟ್ಟಿದ ಮೇಲೆ ಹೇಗೆ ನಿಲ್ಲಿಸಿದ್ದು?"

ಅಪ್ಪನ ಹೆಗಲು ಅಲುಗುತ್ತಿದ್ದದ್ದರಿಂದ ಪಾತ್ರೆಯೂ ಅಲುಗುತ್ತಿತ್ತು. ಸೋಮವಾರ ಫೋರ್ಟಿನಲ್ಲಿ ಗಿರಾಕಿಗಳಿಗೆ ಅವರು ಏನು ಹೇಳಿದರೋ ಗೊತ್ತಿಲ್ಲ. ಅವರ ಕಥೆಯಲ್ಲಿ ಸಾಂಬಾರಿನ ಪಾತ್ರೆ ಈಗ ಇಬ್ಬರು ಟ್ರಸ್ಟಿಗಳ ತಲೆಯ ಮೇಲಿಂದ ದಾಟುತ್ತದೆ ಎಂದು ಅಮ್ಮ ಹೇಳಿದಳು. ಕಥೆ ಹಿಗ್ಗಿಸುವ ಗುಣ ಮಾತ್ರ ರಕ್ತದಲ್ಲಿ ಸರಿಯಾಗಿ ಇಳಿದು ಬಂದಿದೆ ಎಂಬುದು ನನಗೆ ಸಮಾಧಾನ.

ಈಗ ಸೀಟಿ ಪೂರ್ವಾಳದ್ದು. ಸರ್ ಸ್ವತಃ ನಿಂತು ಮೊದಲ ಪಾಠದಿಂದ ಮತ್ತೆ ಶುರುಮಾಡಿಸಿದ್ದಾರೆ, ಮೊದಲ ಪಾಠವೇ ಬ್ರೇಕು. ನಾನು ಇಪ್ಪತ್ತೈದನೇ ವಿದ್ಯಾರ್ಥಿ, ಐದನೇ ಕ್ಲಾಸಿನವರ ಸಾಲಿನ ಕೊನೆಯಲ್ಲಿ, ಕ್ಲಾಸಿಗೇ ಅತಿ ಎತ್ತರದವನಾಗಿ. ಹೋದ ಶನಿವಾರ ಹೊಸದಾಗಿ ಸೇರಿದ ಹುಡುಗನೊಬ್ಬ ನನ್ನ ಪಕ್ಕದಲ್ಲೇ ನಿಧಾನಕ್ಕೆ ಓಡಿಸುತ್ತ, ಇಷ್ಟು ದೊಡ್ಡವನಾಗಿ ಇಲ್ಲೇನು ಮಾಡುತ್ತಿದ್ದೀ ಎಂದು ಕೇಳಿದ. ಸಣ್ಣ ಹುಡುಗ, ಏನೂ ತಿಳಿಯದವನು, ಕಣ್ಣು ಅಗಲ ಮಾಡಿ ನೋಡುತ್ತಿದ್ದ. ಸೈಕಲ್ ಓಡಿಸುವುದೇನು ಮಹಾ, ನಾನು ಕಾರ್ಕಳದಿಂದ ಉಡುಪಿಗೆ, ಹಿಂದೆ ಗೋಣಿಯಲ್ಲಿ ನಲವತ್ತು ತೆಂಗಿನಕಾಯಿ ಕಟ್ಟಿಕೊಂಡು, ಘಾಟಿಯಲ್ಲಿ ಮಳೆ ಬರುತ್ತಿರುವಾಗ, ಎಂದು ನಾನು ಶುರುಮಾಡಿದೆ. ಕಥೆಯ ಜೊತೆಗೆ ಪೆಡಲೂ ಜೋರಾಯಿತು.

ಹಿಂದಿನಿಂದ ಉದ್ದವಾಗಿ ಸೀಟಿ ಕೇಳಿಸಿತು.

ಬ್ರೇಕ್ ಹಿಡಿದೆ. ಒಂದು ಕಾಲು ನೆಲಕ್ಕಿಟ್ಟೆ. ಸೈಕಲ್ಲು, ಕಥೆ, ಎರಡನ್ನೂ ಅಲ್ಲಿಗೇ ನಿಲ್ಲಿಸಿದೆ.